ಜನವರಿ ‘ಇರ್ವೊಲ್’, ಫೆಬ್ರವರಿ ‘ಇವೊಲ್’: ಕೊರಿಯನ್ ತಿಂಗಳುಗಳು ಎಲ್ಲಿ ಎಡವಿಸುತ್ತವೆ?

ಪ್ರಶ್ನೆ: ಎರಡು ತಿಂಗಳಿಂದ ಕೊರಿಯನ್ ಕಲಿಯುತ್ತಿದ್ದೇನೆ. ಲಿಪಿ ಓದಲು ಬರುತ್ತದೆ, ಒಂದರಿಂದ ಹತ್ತರವರೆಗೆ ಚೀನೀ ಮೂಲದ್ದು, ದೇಸಿ, ಎರಡೂ ಬಗೆಯ ಎಣಿಕೆ ಗೊತ್ತು. ತಿಂಗಳುಗಳ ಹೆಸರು ಬಾಯಿಪಾಠ ಆಗಿದೆ. ಆದರೆ ಮಾತಿನ ನಡುವೆ ಯಾರಾದರೂ ಹೇಳಿದರೆ ಜನವರಿಯೋ ಫೆಬ್ರವರಿಯೋ, ನವೆಂಬರೋ ಡಿಸೆಂಬರೋ ತಿಳಿಯುವುದೇ ಇಲ್ಲ. ಜೂನ್‌ಗೆ ‘ಯುಕ್‌ವೊಲ್’ ಅಂದಾಗ ಮೇಷ್ಟ್ರು ತಿದ್ದಿದರು, ಕಾರಣ ಹೇಳಲಿಲ್ಲ. ‘ಮೂರು ತಿಂಗಳು’ ಅನ್ನಲು ಹೋಗಿ ‘ಮಾರ್ಚ್’ ಅಂದುಬಿಡುತ್ತೇನೆ. ಇದನ್ನು ಸರಿಯಾಗಿ ಕಲಿಯುವುದು ಹೇಗೆ?

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ ಕಡೆ ಇದೆ. ಕೊರಿಯನ್‌ನಲ್ಲಿ ತಿಂಗಳಿಗೆ ಚೈತ್ರ, ವೈಶಾಖ ಅಥವಾ ಜನವರಿ, ಫೆಬ್ರವರಿಯಂಥ ಹೆಸರೇ ಇಲ್ಲ. ಚೀನೀ ಮೂಲದ ಅಂಕಿ ಹೇಳಿ ಅದರ ಮುಂದೆ ‘ವೊಲ್’ ಸೇರಿಸಿದರೆ ತಿಂಗಳು. ವೊಲ್ ಎಂದರೆ ಚೀನೀ ಮೂಲದಿಂದ ಬಂದ ‘ತಿಂಗಳು’. ಹತ್ತು ಅಂಕಿ ಗೊತ್ತಿದ್ದವರಿಗೆ ಹೊಸದಾಗಿ ಕಲಿಯಬೇಕಾದ ಪದ ಒಂದೇ. ಎಡವುವುದು ಅಂಕಿ ಮತ್ತು ವೊಲ್ ಕೂಡುವ ಬೆಸುಗೆಯಲ್ಲಿ, ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಸಂಧಿಯಲ್ಲಿ. ಪಟ್ಟಿಯನ್ನು ಬಾಯಿಪಾಠ ಮಾಡಿದವರು ಅಂಕಿಯನ್ನೂ ವೊಲ್ ಅನ್ನೂ ಬಿಡಿಬಿಡಿಯಾಗಿ ನೆನಪಿಟ್ಟುಕೊಂಡಿರುತ್ತಾರೆ. ಮಾತಿನಲ್ಲಿ ಕೇಳಿಬರುವುದು ಎರಡೂ ಬೆಸೆದ ರೂಪ.

ಮೊದಲು ಹನ್ನೆರಡನ್ನೂ ಬರೆಯುವ ಹಾಗಲ್ಲ, ಕೇಳುವ ಹಾಗೆ ಕೊಡುತ್ತೇನೆ.

ಜನವರಿ: ಇ-ರ್ವೊಲ್
ಫೆಬ್ರವರಿ: ಇ-ವೊಲ್
ಮಾರ್ಚ್: ಸಾ-ಮ್ವೊಲ್
ಏಪ್ರಿಲ್: ಸಾ-ವೊಲ್
ಮೇ: ಒ-ವೊಲ್
ಜೂನ್: ಯು-ವೊಲ್
ಜುಲೈ: ಛಿ-ರ್ವೊಲ್
ಆಗಸ್ಟ್: ಫಾ-ರ್ವೊಲ್
ಸೆಪ್ಟೆಂಬರ್: ಕು-ವೊಲ್
ಅಕ್ಟೋಬರ್: ಶಿ-ವೊಲ್
ನವೆಂಬರ್: ಶಿ-ಬಿ-ರ್ವೊಲ್
ಡಿಸೆಂಬರ್: ಶಿ-ಬಿ-ವೊಲ್

ಅಡ್ಡಗೆರೆಗಳನ್ನು ಬೇಕೆಂದೇ ಹಾಕಿದೆ. ಜನವರಿಯನ್ನು ‘ಇರ್ವೊಲ್’ ಎಂದು ಒಟ್ಟಿಗೆ ಬರೆದರೆ ಕನ್ನಡಿಗರು ‘ಇರ್’ ಎಂದು ನಿಂತು ‘ವೊಲ್’ ಅನ್ನುತ್ತಾರೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನ ಪಾಠದಲ್ಲಿ ಕಲಿತದ್ದು ನಾಲಿಗೆಯ ಅಭ್ಯಾಸವೂ ಹೌದು. ಕೊರಿಯನ್‌ನಲ್ಲಿ ಇಲ್ಲಿ ಆ ಭಾರ ಬೀಳುವುದಿಲ್ಲ. ‘ಇ’ ಹಗುರವಾಗಿ ಮುಗಿಯುತ್ತದೆ, ‘ರ್’ ಪೂರ್ತಿ ಮುಂದಿನ ಅಕ್ಷರದ ಪಾಲು. ಸರಿಯಾದ ಉಚ್ಚಾರಕ್ಕೆ ತೀರ ಹತ್ತಿರದ ಸದ್ದು ನಿಮ್ಮ ಬಾಯಲ್ಲೇ ಇದೆ: ‘ಇರುವಲ್ಲಿ’ ಎಂಬುದನ್ನು ಅವಸರದಲ್ಲಿ ಹೇಳಿ, ಕೊನೆಯ ‘ಲಿ’ ಬರುವ ಮೊದಲೇ ನಿಲ್ಲಿಸಿ. ನಡುವಿನ ‘ರು’ದಲ್ಲಿ ಉಕಾರ ನುಂಗಿಹೋಗಿ ನಾಲಿಗೆಯ ತುದಿ ಒಮ್ಮೆ ತಟ್ಟಿ ಬಿಡುತ್ತದಲ್ಲ, ಬೇಕಾದದ್ದು ಆ ಒಂದೇ ತಟ್ಟು.

ಈ ‘ರ್’ ಬಂದದ್ದೆಲ್ಲಿಂದ? ಒಂದು ಎಂಬ ಅಂಕಿ ಬಿಡಿಯಾಗಿ ‘ಇಲ್’. ಕೊರಿಯನ್ ಲಿಪಿಯಲ್ಲಿ ಲ ಮತ್ತು ರ ಎರಡಕ್ಕೂ ಒಂದೇ ಅಕ್ಷರ. ಅದು ಪದದ ಕೊನೆಯಲ್ಲೋ ಇನ್ನೊಂದು ವ್ಯಂಜನದ ಹಿಂದೆಯೋ ನಿಂತರೆ ಲ್, ಮುಂದೆ ಸ್ವರ ಬಂದರೆ ರ್. ವೊಲ್ ಬರೆಯುವಾಗ ಮೊದಲ ಜಾಗದಲ್ಲಿ ಸೊನ್ನೆಯಾಕಾರದ ಅಕ್ಷರ ಇರುತ್ತದೆ, ನೆನಪಿದೆಯೇ? ಆ ಸೊನ್ನೆಗೆ ಅಲ್ಲಿ ಸದ್ದಿಲ್ಲ, ಅದೊಂದು ಖಾಲಿ ಕುರ್ಚಿ. ಹಿಂದಿನ ಅಕ್ಷರದ ಕೊನೆಯ ವ್ಯಂಜನ ಎದ್ದು ಬಂದು ಆ ಕುರ್ಚಿಯಲ್ಲಿ ಕೂರುತ್ತದೆ. ಇಲ್ ಎಂಬುದರ ಲ್ ಕೂತರೆ ರ್ವೊಲ್, ಸಾಮ್ ಎಂಬುದರ ಮ್ ಕೂತರೆ ಮ್ವೊಲ್. ಛಿಲ್ (ಏಳು), ಫಾಲ್ (ಎಂಟು), ಶಿಬಿಲ್ (ಹನ್ನೊಂದು) ಮೂರೂ ಲ್‌ನಿಂದ ಮುಗಿಯುವುದರಿಂದ ಅವಕ್ಕೂ ಇದೇ ಗತಿ. ಇ (ಎರಡು), ಸಾ (ನಾಲ್ಕು), ಒ (ಐದು), ಕು (ಒಂಬತ್ತು), ಶಿಬಿ (ಹನ್ನೆರಡು) ಸ್ವರದಿಂದ ಮುಗಿಯುತ್ತವೆ. ಅಲ್ಲಿ ಎದ್ದು ಬರಲು ಯಾರೂ ಇಲ್ಲ, ವೊಲ್ ಇದ್ದ ಹಾಗೇ ಕೇಳುತ್ತದೆ.

ಆದ್ದರಿಂದ ಜನವರಿ-ಫೆಬ್ರವರಿಯ ವ್ಯತ್ಯಾಸ, ನವೆಂಬರ್-ಡಿಸೆಂಬರ್ ವ್ಯತ್ಯಾಸ ಎರಡೂ ಅದೇ ಒಂದು ತಟ್ಟು: ರ್ ಕೇಳಿದರೆ 1 ಅಥವಾ 11, ಕೇಳದಿದ್ದರೆ 2 ಅಥವಾ 12. ನೀವು ಇಷ್ಟು ದಿನ ಜನವರಿಗೆ ‘ಇಲ್‌ವೊಲ್’ ಎಂಬ ಸದ್ದನ್ನು ಕಾಯುತ್ತಿದ್ದಿರಿ. ಅದು ಯಾರ ಬಾಯಿಂದಲೂ ಬರುವುದಿಲ್ಲ, ಹಾಗಾಗಿ ಎಲ್ಲವೂ ಫೆಬ್ರವರಿಯ ಹಾಗೇ ಕೇಳಿಸಿತು. ನೀವೇ ‘ಇಲ್‌ವೊಲ್’ ಎಂದರೆ ಅದು ಹೆಚ್ಚುಕಡಿಮೆ ನಮ್ಮ ‘ಇಲ್ವಲ್ಲ’ ಆಗುತ್ತದೆ. ಕೊರಿಯನ್ನರಿಗೆ ಅರ್ಥವಾದೀತು, ಆದರೆ ಕಲಿಯುವವರ ಬಾಯಿ ಎಂದು ತಕ್ಷಣ ಗೊತ್ತಾಗುತ್ತದೆ. ನವೆಂಬರ್‌ಗೆ ಒಂದು ಸುಲಭದ ಗುರುತು: ‘ಶಿಬಿರ’ ಎಂಬ ಪದದಲ್ಲಿ ರ ಇದೆ, ಹನ್ನೊಂದರಲ್ಲೂ ಇದೆ. ಶಿಬಿರ್ವೊಲ್. ಡಿಸೆಂಬರ್ ಬರುವಷ್ಟರಲ್ಲಿ ಶಿಬಿರ ಎತ್ತಿಯಾಗಿದೆ, ಶಿಬಿವೊಲ್.

ಫೋನಿನಲ್ಲಿ ಒಂದು-ಎರಡು ಗೊಂದಲವಾದರೆ ಕೊರಿಯನ್ನರೇ ‘ಹಾನಾ’, ‘ತುಲ್’ ಎಂಬ ದೇಸಿ ಅಂಕಿಗಳನ್ನು ಹೇಳಿ ಖಚಿತಪಡಿಸಿಕೊಳ್ಳುವುದುಂಟು. ನೀವೂ ಧಾರಾಳವಾಗಿ ‘ಹಾನಾ?’ ಎಂದು ಕೇಳಬಹುದು. ಆದರೆ ತಿಂಗಳಿನ ಹೆಸರಿನೊಳಗೆ ಮಾತ್ರ ದೇಸಿ ಅಂಕಿ ಎಂದೂ ಬರುವುದಿಲ್ಲ. ‘ಹಾನಾವೊಲ್’ ಎಂಬ ಪದವೇ ಇಲ್ಲ.

ಇನ್ನು ಜೂನ್. ಆರು ಎಂಬ ಅಂಕಿ ‘ಯುಕ್’, ಹತ್ತು ‘ಶಿಪ್’. ಮೇಲಿನ ಕುರ್ಚಿ ನಿಯಮದಂತೆ ಜೂನ್ ‘ಯುಗ್ವೊಲ್’, ಅಕ್ಟೋಬರ್ ‘ಶಿಬ್ವೊಲ್’ ಆಗಬೇಕಿತ್ತು. ಆಗಲಿಲ್ಲ. ಈ ಎರಡರಲ್ಲಿ ಕೊನೆಯ ವ್ಯಂಜನ ಸವೆದೇ ಹೋಗಿ ಯುವೊಲ್, ಶಿವೊಲ್ ಎಂಬ ಸುಲಭ ರೂಪ ನಿಂತಿತು. ಗ್ ಅಥವಾ ಬ್ ಆದ ಕೂಡಲೇ ತುಟಿ ದುಂಡಗೆ ಮಾಡಿ ‘ವೊ’ ಅನ್ನುವುದು ಬಾಯಿಗೆ ತೊಡಕು, ಬಾಯಿ ದಾರಿ ಸುಗಮ ಮಾಡಿಕೊಂಡಿತು. ಇದು ಆಡುಮಾತಿನ ಸಡಿಲಿಕೆಯಲ್ಲ, ಬರಹದಲ್ಲೂ ಹಾಗೇ. ದಕ್ಷಿಣ ಕೊರಿಯಾದ ಅಧಿಕೃತ ಕಾಗುಣಿತ ನಿಯಮಗಳ 52ನೇ ಕಲಮು, ಚೀನೀ ಮೂಲದ ಪದ ರೂಢಿಯಲ್ಲಿ ಬೇರೆ ಸದ್ದು ಪಡೆದಿದ್ದರೆ ಆ ಸದ್ದಿನಂತೆಯೇ ಬರೆಯಬೇಕು ಎನ್ನುತ್ತದೆ. ಉದಾಹರಣೆಗಳಲ್ಲಿ ಯುವೊಲ್, ಶಿವೊಲ್ ಎರಡೂ ಇವೆ. ಆದ್ದರಿಂದ ಅಕ್ಷರದಲ್ಲಿ ಬರೆಯುವಾಗ ‘ಯುಕ್ ವೊಲ್’ ಎಂದು ಬರೆದರೆ ಪರೀಕ್ಷೆಯಲ್ಲಿ ಅದು ಕಾಗುಣಿತ ತಪ್ಪು. ಅಕ್ಟೋಬರಿನ ಪ್ ಉಳಿಸಿಕೊಂಡು ಹೇಳಿದರೆ ಇನ್ನೊಂದು ಅಪಾಯವಿದೆ: ಆ ಸದ್ದು ಕೊರಿಯನ್‌ನ ಒಂದು ಹೊಲಸು ಬೈಗುಳದ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ಕೇಳಿದವರು ನಗು ತಡೆದುಕೊಂಡರೆ ಕಾರಣ ಅದೇ.

ಈ ಎರಡು ತಪ್ಪು ಕಲಿಯುವವರನ್ನು ವರ್ಷಗಟ್ಟಲೆ ಬಿಡುವುದಿಲ್ಲ. ಕ್ಯಾಲೆಂಡರಿನಲ್ಲಿ, ಸುದ್ದಿಯಲ್ಲಿ, ಟಿಕೆಟ್ಟಿನ ಮೇಲೆ ತಿಂಗಳನ್ನು 6, 10 ಎಂದು ಅಂಕಿಯಲ್ಲೇ ಬರೆದು ಪಕ್ಕದಲ್ಲಿ ವೊಲ್ ಅಕ್ಷರ ಇಟ್ಟಿರುತ್ತಾರೆ. ಸವೆದ ರೂಪ ಕಣ್ಣಿಗೆ ಬೀಳುವುದೇ ಅಪರೂಪ. ಕಣ್ಣು ‘6’ ಕಂಡಾಗ ಬಾಯಿ ‘ಯುಕ್’ ಅನ್ನುತ್ತದೆ. ಅದಕ್ಕೇ ಈ ಎರಡು ತಿಂಗಳನ್ನಾದರೂ ಅಕ್ಷರದಲ್ಲಿ ಹತ್ತಾರು ಸಲ ಬರೆಯಿರಿ.

ಸವೆತ ಆಗುವುದು ವೊಲ್ ಮುಂದೆ ಬಂದಾಗ ಮಾತ್ರ ಎಂಬುದನ್ನೂ ಜೊತೆಗೇ ಕಟ್ಟಿಕೊಳ್ಳಬೇಕು. ಕೊರಿಯಾದಲ್ಲಿ ದೊಡ್ಡ ಘಟನೆಗಳನ್ನು ತಾರೀಖಿನ ಅಂಕಿಗಳಿಂದಲೇ ಕರೆಯುವ ರೂಢಿ ಇದೆ. 1950ರ ಜೂನ್ 25ರಂದು ಶುರುವಾದ ಯುದ್ಧ ‘ಯುಗಿಒ’, ಅಂದರೆ ಆರು-ಎರಡು-ಐದು. ಇಲ್ಲಿ ವೊಲ್ ಇಲ್ಲ, ಹಾಗಾಗಿ ಯುಕ್ ತನ್ನ ಕ್ ಕಳೆದುಕೊಳ್ಳದೆ ಗ್ ಆಗಿ ಕುರ್ಚಿ ಬದಲಾಯಿಸಿದೆ ಅಷ್ಟೆ. 1960ರ ಏಪ್ರಿಲ್ 19ರ ವಿದ್ಯಾರ್ಥಿ ದಂಗೆ ‘ಸಾಇಲ್ಗು’, ನಾಲ್ಕು-ಒಂದು-ಒಂಬತ್ತು. 1980ರ ಮೇ 18ರ ಗ್ವಾಂಗ್ಜು ಹೋರಾಟ ‘ಒಇಲ್‌ಫಾಲ್’. ಜೂನ್ 6 ಹುತಾತ್ಮ ಯೋಧರ ಸ್ಮರಣೆಯ ದಿನ, ಅದರ ತಾರೀಖಿನಲ್ಲಿ ಆರು ಎರಡು ವೇಷದಲ್ಲಿ ಬರುತ್ತದೆ: ‘ಯುವೊಲ್ ಯುಗಿಲ್’. ಮೊದಲನೆಯದರಲ್ಲಿ ಕ್ ಮಾಯ, ಎರಡನೆಯದರಲ್ಲಿ ಗ್ ಆಗಿ ಹಾಜರು. ಈ ಒಂದು ತಾರೀಖನ್ನು ತಡವರಿಸದೆ ಹೇಳಬಲ್ಲವರಿಗೆ ಜೂನ್ ವಶವಾಯಿತು ಎಂದೇ ಅರ್ಥ.

ಇನ್ನು ವೊಲ್ ಎಂಬುದರ ಉಚ್ಚಾರ. ಹನ್ನೆರಡು ಸಲವೂ ಬರುವ ಪದ, ಅದು ಕೆಟ್ಟರೆ ಹನ್ನೆರಡೂ ಕೆಟ್ಟಂತೆ. ಅದರಲ್ಲಿ ಮೂರು ಕೆಲಸಗಳಿವೆ.

ಶುರುವಿನ ವ: ಕನ್ನಡದ ವಕಾರದಲ್ಲಿ ಕೆಳತುಟಿ ಮೇಲಿನ ಹಲ್ಲಿಗೆ ಸವರುತ್ತದೆ. ಇಲ್ಲಿ ಹಲ್ಲಿಗೆ ಕೆಲಸವಿಲ್ಲ, ಎರಡು ತುಟಿ ದುಂಡಗಾಗಿ ಬಿಚ್ಚಿಕೊಳ್ಳಬೇಕು. ‘ಒಂದು’ ಎನ್ನುವಾಗ ಅನೇಕರ ಬಾಯಲ್ಲಿ ತನ್ನಷ್ಟಕ್ಕೆ ‘ವೊಂದು’ ಆಗುತ್ತದಲ್ಲ, ಆ ಬರೆಯದ ವಕಾರ ಇಲ್ಲಿಗೆ ಹೇಳಿಮಾಡಿಸಿದಂತಿದೆ. ಇದೇ ಅಭ್ಯಾಸ ಮೇ ತಿಂಗಳಲ್ಲಿ ಮುಳುವಾಗುತ್ತದೆ. ಒವೊಲ್ ಎನ್ನುವ ಬದಲು ‘ವೊವೊಲ್’ ಎನ್ನುತ್ತೇವೆ. ಕೊರಿಯನ್ ಕಿವಿಗೆ ಒ ಬೇರೆ, ವೊ ಬೇರೆ. ಮೇ ಹೇಳುವ ಮೊದಲು ತುಟಿಯನ್ನು ದುಂಡಗೆ ಸಿದ್ಧಮಾಡಿ ಇಟ್ಟುಕೊಂಡು, ಸದ್ದು ಶುರುವಾದ ಮೇಲೆ ತುಟಿ ಅಲುಗದಂತೆ ಒ ಎನ್ನಿ. ‘ಇಲ್ಲ’ವನ್ನು ‘ಯಿಲ್ಲ’ ಎನ್ನುವ ಹಾಗೆ ಫೆಬ್ರವರಿಯನ್ನು ‘ಯಿವೊಲ್’ ಎಂದರೆ ಮಾತ್ರ ನಷ್ಟವಿಲ್ಲ. ಕೊರಿಯನ್‌ನಲ್ಲಿ ಯಿ ಎಂಬ ಬೇರೆ ಧ್ವನಿಯೇ ಇಲ್ಲದ್ದರಿಂದ ಅದು ಇ ಎಂದೇ ಕೇಳಿಸುತ್ತದೆ.

ನಡುವಿನ ಸ್ವರ: ಇದು ನಮ್ಮ ಒ ಅಲ್ಲ, ಅ ಕೂಡ ಅಲ್ಲ. ಒ ಎನ್ನಲು ನಾಲಿಗೆ ಇಡುವ ಜಾಗದಲ್ಲೇ ಇಟ್ಟು, ತುಟಿಯ ದುಂಡು ಬಿಚ್ಚಿ, ದವಡೆ ತುಸು ಕೆಳಗಿಳಿಸಿ. ಕನ್ನಡದಲ್ಲಿ ‘ವೊಲ್’ ಎಂದು ಬರೆದದ್ದನ್ನು ‘ವಲ್’ ಕಡೆಗೆ ಸ್ವಲ್ಪ ವಾಲಿಸಿದರೆ ಸರಿಹೋಗುತ್ತದೆ.

ಕೊನೆಯ ಲ್: ನಾಲಿಗೆಯ ತುದಿ ನಮ್ಮ ಲ್‌ಗಿಂತ ಕೂದಲೆಳೆಯಷ್ಟು ಹಿಂದೆ ತಾಗಿ ಅಲ್ಲೇ ನಿಲ್ಲಬೇಕು. ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು ಮಾಡಿಕೊಂಡ ಬಾಯಿ ನಮ್ಮದು, ‘ವೊಲ್ಲು’ ಎಂದು ಉಕಾರ ಎಳೆಯುತ್ತೇವೆ. ಕೊರಿಯನ್ನರೂ ಬಸ್ಸನ್ನು ‘ಪೊಸು’ ಮಾಡಿಕೊಂಡವರೇ, ಆದರೆ ಲ್‌ನಿಂದ ಮುಗಿಯುವುದು ಅವರಿಗೆ ಸಲೀಸು. ಲ್ ಹೇಳಿದ ಮೇಲೆ ನಾಲಿಗೆಯನ್ನು ಅಂಗುಳಿನಿಂದ ಕೀಳದೆ ಒಂದು ಕ್ಷಣ ಹಾಗೇ ಹಿಡಿದರೆ ಉ ಹುಟ್ಟುವುದಿಲ್ಲ.

ಜುಲೈ ಮತ್ತು ಆಗಸ್ಟ್ ಮಹಾಪ್ರಾಣದಿಂದ ಶುರುವಾಗುತ್ತವೆ. ಛಿ ಎನ್ನುವಾಗ ಅಂಗೈಯನ್ನು ಬಾಯಿಯ ಮುಂದೆ ಹಿಡಿದರೆ ಗಾಳಿ ತಾಗಬೇಕು. ಆಗಸ್ಟಿನ ಫಾ ನಮ್ಮ ವರ್ಣಮಾಲೆಯ ‘ಪ ಫ ಬ ಭ’ದಲ್ಲಿರುವ ಫ, ಅಂದರೆ ಹಕಾರ ಬೆರೆತ ಪ. ಫೋನು, ಫ್ಯಾನು ಎನ್ನುವಾಗಿನ ಹಲ್ಲು-ತುಟಿಯ ಫ ಅಲ್ಲ. ಆ ಧ್ವನಿ ಕೊರಿಯನ್‌ನಲ್ಲಿ ಇಲ್ಲವೇ ಇಲ್ಲ. ಸೆಪ್ಟೆಂಬರಿನ ಮೊದಲ ಅಕ್ಷರ ಮಾತಿನ ಆರಂಭದಲ್ಲಿ ಕು ಎಂದೂ, ಹಿಂದೆ ಸ್ವರ ಬಂದರೆ ಗು ಎಂದೂ ಕೇಳುತ್ತದೆ. ಎರಡಕ್ಕೂ ಅಕ್ಷರ ಒಂದೇ. ಸಿಯೋಲ್ ಕಡೆಯ ಎಳೆಯರ ಮಾತಿನಲ್ಲಿ ಸ್ಥಾಯಿಯ ವ್ಯತ್ಯಾಸವೂ ಇದೆ: ಛಿರ್ವೊಲ್, ಫಾರ್ವೊಲ್ ಮೇಲಿನ ಸ್ಥಾಯಿಯಲ್ಲಿ ಶುರುವಾದರೆ ಕುವೊಲ್ ಕೆಳಗಿನಿಂದ ಏಳುತ್ತದೆ. ಈಗಲೇ ತಲೆಕೆಡಿಸಿಕೊಳ್ಳಬೇಡಿ, ಕೇಳುತ್ತ ಕೇಳುತ್ತ ಹತ್ತುತ್ತದೆ.

ಬೆಸುಗೆ ವೊಲ್ ಹಿಂದೆ ಮಾತ್ರವಲ್ಲ, ಮುಂದೆಯೂ ಆಗುತ್ತದೆ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಇದು ಎರಡನೇ ಆಘಾತ. ‘ಮಾರ್ಚ್‌ನಲ್ಲಿ’ ಎನ್ನಲು ಕೊರಿಯನ್‌ನಲ್ಲಿ ‘ಎ’ ಎಂಬ ಪ್ರತ್ಯಯ ಹತ್ತುತ್ತದೆ, ನಮ್ಮ ಸಪ್ತಮಿ ವಿಭಕ್ತಿಯ ಹಾಗೆ. ಎ ಸ್ವರ, ಹಾಗಾಗಿ ವೊಲ್‌ನ ಲ್ ಕೂಡ ರ್ ಆಗಿ ಜಿಗಿಯುತ್ತದೆ: ಸಾಮ್ವೊರೆ. ಜನವರಿಯಲ್ಲಿ ಎನ್ನಲು ಇರ್ವೊರೆ, ಜೂನ್‌ನಲ್ಲಿ ಎನ್ನಲು ಯುವೊರೆ. ನಿಜವಾದ ಮಾತಿನಲ್ಲಿ ತಿಂಗಳು ಹೆಚ್ಚಾಗಿ ಈ ರೂಪದಲ್ಲೇ ಬರುವುದು. ವೊಲ್ ಎಂದು ಮುಗಿಯುವುದನ್ನೇ ಕಾಯುವ ಕಿವಿಗೆ ತಿಂಗಳು ಬಂದುಹೋದದ್ದೇ ತಿಳಿಯುವುದಿಲ್ಲ. ಹನ್ನೆರಡನ್ನೂ ‘-ರೆ’ ಸೇರಿಸಿ ಇನ್ನೊಂದು ಸುತ್ತು ಹೇಳಿಕೊಳ್ಳಿ. ವ್ಯಂಜನ ಮುಂದೆ ಬಂದರೆ ಲ್ ಲ್ ಆಗಿಯೇ ಉಳಿಯುತ್ತದೆ: ತಿಂಗಳ ಸಂಬಳ ‘ವೊಲ್ಗುಪ್’, ಸೋಮವಾರ ಮಾತ್ರ ‘ವೊರ್ಯೊಇಲ್’. ಸೋಮವಾರದೊಳಗೂ ಅದೇ ವೊಲ್ ಇದೆ. ಅದರ ಮೂಲ ಚೀನೀ ಅಕ್ಷರಕ್ಕೆ ಚಂದ್ರ ಎಂದೂ ಅರ್ಥ.

ವಾಕ್ಯ ಕಟ್ಟುವುದರಲ್ಲಿ ಕನ್ನಡಿಗರಿಗೆ ಹೊಸ ಕಷ್ಟವಿಲ್ಲ. ‘ಚೊನುನ್ ಒವೊರೆ ಹಾನ್‌ಗುಗೆ ಗಾಯೊ’ ಎಂದರೆ ‘ನಾನು ಮೇನಲ್ಲಿ ಕೊರಿಯಾಕ್ಕೆ ಹೋಗುತ್ತೇನೆ’. ಪದಕ್ಕೆ ಪದ ಇಟ್ಟುಕೊಂಡು ಹೋಗಿ, ಕ್ರಮ ಒಂದೇ. ‘ಚೊನುನ್’ನಲ್ಲಿರುವ ಎರಡನೇ ಸ್ವರ ತುಟಿ ದುಂಡಾಗದ ಉ. ತುಳು ಬಲ್ಲವರಿಗೆ ತಮ್ಮ ಪದಗಳ ಕೊನೆಯ ಅರೆ ಉಕಾರ ಗೊತ್ತಿರುವುದರಿಂದ ಇದು ಉಚಿತವಾಗಿ ಸಿಕ್ಕಿದ ಹಾಗೆ. ಮಿಕ್ಕವರು ‘ಇ’ ಎನ್ನುವಾಗಿನ ತುಟಿಯಿಟ್ಟು ‘ಉ’ ಎಂದು ನೋಡಿ.

ಈಗ ಮೂರು ತಿಂಗಳ ಪ್ರಶ್ನೆ. ಸಾಮ್ವೊಲ್ ಎಂದರೆ ವರ್ಷದ ಮೂರನೆಯ ತಿಂಗಳು, ಮಾರ್ಚ್. ಮೂರು ತಿಂಗಳ ಅವಧಿ ಎನ್ನಲು ಎರಡು ದಾರಿಗಳಿವೆ. ಒಂದು, ನಡುವೆ ‘ಗೆ’ ಸೇರಿಸಿ ‘ಸಾಮ್ ಗೆವೊಲ್’. ಈ ಗೆ ಬಿಡಿ ಎಣಿಕೆಯ ಗುರುತು. ಕರಾರು, ವೀಸಾ, ಬ್ಯಾಂಕು, ಸುದ್ದಿ ಎಲ್ಲ ಕಡೆ ಇದೇ. ಇನ್ನೊಂದು, ದೇಸಿ ಅಂಕಿಯ ಜೊತೆ ದೇಸಿ ಪದ ‘ತಾಲ್’: ಒಂದು ತಿಂಗಳು ‘ಹಾನ್ ದಾಲ್’, ಎರಡು ‘ತು ದಾಲ್’, ಮೂರು ‘ಸೆ ದಾಲ್’, ನಾಲ್ಕು ‘ನೆ ದಾಲ್’. ಮೂರು, ನಾಲ್ಕಕ್ಕೆ ಹಿರಿಯರ ಬಾಯಲ್ಲಿ, ಬರಹದಲ್ಲಿ ‘ಸೊಕ್ ತಾಲ್’, ‘ನೊಕ್ ತಾಲ್’ ಎಂಬ ಹಳೆಯ ರೂಪಗಳೂ ಇವೆ. ಗುರುತು ತಿಳಿದಿದ್ದರೆ ಸಾಕು. ತಾಲ್ ಎಂಬ ಪದಕ್ಕೆ ಚಂದ್ರ, ಮಾಸ ಎರಡೂ ಅರ್ಥ, ಥೇಟ್ ನಮ್ಮ ‘ತಿಂಗಳು’. ತಿಂಗಳ ಬೆಳಕು ಎಂದವರಿಗೆ ಇದನ್ನು ವಿವರಿಸಬೇಕಿಲ್ಲ.

ಚೀನೀ ಅಂಕಿಗೆ ತಾಲ್ ಕೂಡುವುದಿಲ್ಲ, ದೇಸಿ ಅಂಕಿಗೆ ಗೆವೊಲ್ ಹೊಂದುವುದಿಲ್ಲ. ಜೋಡಿ ಜೋಡಿಯಾಗಿಯೇ ಕಲಿಯಿರಿ. ಆರು ತಿಂಗಳು ‘ಯುಕ್ಕೆವೊಲ್’, ಹತ್ತು ತಿಂಗಳು ‘ಶಿಪ್ಕೆವೊಲ್’. ಗೆ ಅಡ್ಡ ಬಂದ ಕೂಡಲೇ ಸವೆದ ಕ್, ಪ್ ಎರಡೂ ವಾಪಸ್ಸು, ಸಾಲದ್ದಕ್ಕೆ ಗೆ ಬಿಗಿಯಾಗಿ ಕೆ ಆಗಿದೆ. ಯುವೊಲ್-ಯುಕ್ಕೆವೊಲ್, ಶಿವೊಲ್-ಶಿಪ್ಕೆವೊಲ್ ಎಂದು ಅಕ್ಕಪಕ್ಕ ಇಟ್ಟು ಹೇಳಿದರೆ ನಿಮ್ಮ ಗೊಂದಲ ಎರಡು ದಿನದಲ್ಲಿ ಹೋಗುತ್ತದೆ. ಹೋದ ತಿಂಗಳು ‘ಚಿನಾನ್‌ದಾಲ್’, ಈ ತಿಂಗಳು ‘ಇಬೊನ್ ತ್ತಾಲ್’, ಬರುವ ತಿಂಗಳು ‘ತಾಉಮ್ ತ್ತಾಲ್’. ಕೊನೆಯ ಎರಡರಲ್ಲಿ ತ ಬಿಗಿಯಾಗಿ ಬರುತ್ತದೆ. ತಿಂಗಳ ಆರಂಭ, ನಡು, ಕೊನೆ ಹೇಳಲು ಕ್ರಮವಾಗಿ ಛೊ, ಚುಂಗ್‌ಸುನ್, ಮಾಲ್ ಎಂಬ ಪದಗಳನ್ನು ತಿಂಗಳ ಮುಂದೆ ಇಟ್ಟರಾಯಿತು.

ತಾರೀಖಿನ ಕ್ರಮ ನಮ್ಮದಕ್ಕೆ ತಿರುಗುಮುರುಗು: ವರ್ಷ, ತಿಂಗಳು, ದಿನ. 2025. 3. 5. ಎಂದು ಚುಕ್ಕಿ ಹಾಕಿ ಬರೆಯುತ್ತಾರೆ. ವರ್ಷ ಬಿಟ್ಟು ಬರೀ 3. 5. ಎಂದಿದ್ದರೆ ಅದು ಮಾರ್ಚ್ 5. ಬೆಂಗಳೂರಿನಲ್ಲಿ ಕೊರಿಯನ್ ಸಂಸ್ಥೆಗಳ ಜೊತೆ ವ್ಯವಹರಿಸುವವರು ಇದನ್ನು ಮೇ 3 ಎಂದು ಓದಿಕೊಂಡರೆ ಎರಡು ತಿಂಗಳ ಲೆಕ್ಕವೇ ತಪ್ಪುತ್ತದೆ. ದಿನಕ್ಕೆ ‘ಇಲ್’ ಎಂಬ ಪದ. ಒಂದು ಎಂಬುದೂ ಇಲ್, ದಿನವೂ ಇಲ್. ಮೂಲದಲ್ಲಿ ಬೇರೆ ಬೇರೆ ಚೀನೀ ಅಕ್ಷರಗಳು, ಕೊರಿಯನ್‌ನಲ್ಲಿ ಒಂದೇ ಸದ್ದು. ಅದಕ್ಕೇ ‘ಶಿಬಿಲ್’ ಎಂದರೆ 10ನೇ ತಾರೀಖು, 11 ಎಂಬ ಅಂಕಿ ಎರಡೂ ಆಗಬಲ್ಲದು. ತಾರೀಖು 11 ಎನ್ನಲು ‘ಶಿಬಿರಿಲ್’, 12 ಎನ್ನಲು ‘ಶಿಬಿಇಲ್’. ಮತ್ತೆ ಅದೇ ರ್.

‘ಯಾವ ತಿಂಗಳು?’ ಎಂದು ಕೇಳುವುದು ‘ಮ್ಯೊದ್ವೊಲ್’. ಬರಹದಲ್ಲಿ ನೋಡಿದರೆ ನಡುವೆ ಛಕಾರ ಕಾಣುತ್ತದೆ, ಉಚ್ಚಾರದಲ್ಲಿ ದ್. ‘ಯಾವ ತಾರೀಖು?’ ಮಾತ್ರ ‘ಮ್ಯೊಛಿಲ್’, ಅಲ್ಲಿ ಛಕಾರ ಹಾಗೇ ಕೇಳುತ್ತದೆ. ಇದು ಬೇರೆ ಬೇರೆಯಾಗಿ ಬರೆಯದೆ ಒಂದೇ ಪದವಾಗಿ ಬರೆಯುವಂಥದು, ಕೊರಿಯನ್ನರೇ ತಪ್ಪು ಬರೆಯುವ ಪದಗಳಲ್ಲೊಂದು.

ಹಳೆಯ ಪಂಚಾಂಗದ ವಿಷಯ ಹೇಳದಿದ್ದರೆ ಒಂದು ಬಲೆಯಲ್ಲಿ ಖಂಡಿತ ಬೀಳುತ್ತೀರಿ. ಕೊರಿಯಾ ಸೌರ ಕ್ಯಾಲೆಂಡರಿಗೆ ಅಧಿಕೃತವಾಗಿ ಬದಲಾದದ್ದು 1896ರ ಜನವರಿ 1ರಂದು. ಅದಕ್ಕೂ ಮೊದಲಿದ್ದ ಚಾಂದ್ರಮಾನ ಹಬ್ಬಗಳಲ್ಲಿ, ಹಿರಿಯರ ಹುಟ್ಟುಹಬ್ಬಗಳಲ್ಲಿ ಇಂದಿಗೂ ಉಳಿದಿದೆ. ಚಾಂದ್ರಮಾನಕ್ಕೆ ‘ಉಮ್ನ್ಯೊಕ್’, ಸೌರಮಾನಕ್ಕೆ ‘ಯಾಂಗ್ನ್ಯೊಕ್’. ತೊಂದರೆ ಏನೆಂದರೆ ಎರಡಕ್ಕೂ ತಿಂಗಳ ಹೆಸರು ಬಹುಮಟ್ಟಿಗೆ ಅದೇ ಅಂಕಿ-ವೊಲ್. ‘ಸಾವೊಲ್ ಛೊಫಾಇಲ್’ ಎಂದರೆ ಬುದ್ಧನ ಜನ್ಮದಿನ, ಚಾಂದ್ರಮಾನದ ನಾಲ್ಕನೇ ತಿಂಗಳ ಎಂಟನೇ ದಿನ. ಸಾವೊಲ್ ಎಂದರೆ ಏಪ್ರಿಲ್ ಎಂದುಕೊಂಡರೆ ಕೆಟ್ಟಿರಿ, 2025ರಲ್ಲಿ ಅದು ಬಂದದ್ದು ಮೇ 5ಕ್ಕೆ. (ಎಂಟು ಎಂಬ ಫಾಲ್ ಇಲ್ಲಿ ಲ್ ಕಳೆದುಕೊಂಡು ಫಾ ಆಗಿದೆ. ಇದೂ ಅದೇ 52ನೇ ಕಲಮಿನ ಗಿರಾಕಿ.) ‘ಒನ್ಯುವೊಲ್’ ಎಂಬ ಜೋಡುಪದ ಐದು-ಆರನೇ ಚಾಂದ್ರ ತಿಂಗಳುಗಳದ್ದು, ಅರ್ಥ ಕಡುಬೇಸಿಗೆ. ಒನ್ಯುವೊಲ್‌ನ ನೆಗಡಿ ನಾಯಿಗೂ ಹತ್ತುವುದಿಲ್ಲ ಎಂಬ ಗಾದೆಯನ್ನು ಮೇ-ಜೂನ್ ಎಂದು ಅನುವಾದಿಸಿದರೆ ಸೆಕೆಯೇ ಮಾಯವಾಗುತ್ತದೆ.

ಚಾಂದ್ರಮಾನಕ್ಕೇ ಮೀಸಲಾದ ಹೆಸರುಗಳೂ ಕೆಲವಿವೆ. ಮೊದಲ ತಿಂಗಳು ‘ಚೊಂಗ್‌ವೊಲ್’, ಹನ್ನೊಂದನೆಯದು ‘ತೊಂಗ್‌ಜಿತ್ತಾಲ್’, ಹನ್ನೆರಡನೆಯದು ‘ಸೊತ್ತಾಲ್’, ಅಧಿಕಮಾಸ ‘ಯುನ್‌ದಾಲ್’. ಕರ್ನಾಟಕದ ಪಂಚಾಂಗದ ಹಾಗೆ ಅಲ್ಲೂ ಅಮಾವಾಸ್ಯೆಯಿಂದಲೇ ಹೊಸ ತಿಂಗಳ ಲೆಕ್ಕ, ಆದ್ದರಿಂದ ಹದಿನೈದರ ಆಸುಪಾಸು ಹುಣ್ಣಿಮೆ. ಸುಗ್ಗಿ ಹಬ್ಬ ಛುಸೊಕ್ ಎಂಟನೇ ತಿಂಗಳ ಹದಿನೈದಕ್ಕೆ, ನಮ್ಮ ಭಾದ್ರಪದ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಎರಡು ಕಡೆಯ ಅಧಿಕಮಾಸ ಬೇರೆ ಬೇರೆ ಹೊತ್ತಿಗೆ ಬಿದ್ದರೆ ಆಶ್ವಯುಜಕ್ಕೆ ಸರಿಯುವುದೂ ಉಂಟು, 2025ರ ಅಕ್ಟೋಬರ್ 6ರಂದು ಆದ ಹಾಗೆ.

ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ, ಒಂದು ವಾರ ಸಾಕು. ಮೊದಲ ಎರಡು ದಿನ ಜೋಡಿಗಳು ಮಾತ್ರ: 1-2, 11-12, 3-4. ಪ್ರತಿ ಜೋಡಿಯನ್ನು ಇಪ್ಪತ್ತು ಸಲ, ಮೊದಲು ನಿಧಾನ, ಆಮೇಲೆ ವೇಗವಾಗಿ. ಮೂರನೇ ದಿನ 6 ಮತ್ತು 10, ಜೊತೆಗೆ ಯುಕ್ಕೆವೊಲ್, ಶಿಪ್ಕೆವೊಲ್. ನಾಲ್ಕನೇ ದಿನದಿಂದ ಹನ್ನೆರಡೂ, ಆದರೆ ಕ್ರಮವಾಗಿ ಬೇಡ. ಜನವರಿಯಿಂದ ಹಾಡಿಕೊಂಡು ಬಂದರೆ ಆಗಸ್ಟ್ ಬೇಕಾದಾಗಲೂ ಒಂದರಿಂದಲೇ ಏಣಿ ಹತ್ತಬೇಕಾಗುತ್ತದೆ. ಗಡಿಯಾರದ ಮುಳ್ಳು ನಿಂತ ಅಂಕಿ, ಬಸ್ಸಿನ ಮಾರ್ಗ ಸಂಖ್ಯೆಯ ಕೊನೆಯ ಅಂಕಿ, ಹೀಗೆ ಕಣ್ಣಿಗೆ ಬಿದ್ದದ್ದನ್ನು ತಿಂಗಳು ಮಾಡಿ. ಕನ್ನಡ ಲಿಪಿಯ ಈ ಬರಹವನ್ನು ಮಾತ್ರ ಮೊದಲ ವಾರದ ಆಚೆಗೆ ಇಟ್ಟುಕೊಳ್ಳಬೇಡಿ. ವೊಲ್‌ನ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ, ಓದಿದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ವೊಲ್ ಅಕ್ಷರವನ್ನು ಕೈಯಲ್ಲೂ ಬರೆಯಿರಿ. ಎಡಮೇಲೆ ಸೊನ್ನೆ, ಅದರ ಕೆಳಗೆ ಅಡ್ಡಗೆರೆ, ಅಡ್ಡಗೆರೆಯಿಂದ ಇಳಿಯುವ ಗಿಡ್ಡ ಗೆರೆ. ಬಲಕ್ಕೆ ಮೊದಲು ಸಣ್ಣ ಅಡ್ಡಗೆರೆ, ಆಮೇಲೆ ಉದ್ದ ಕಂಬ. ಎಲ್ಲದರ ಅಡಿಯಲ್ಲಿ, ಚೌಕವಾಗಿ ಬರೆದ 2ರಂಥ ಲಕಾರ, ಮೂರು ಗೆರೆಯಲ್ಲಿ. ಕಂಬದ ಎಡಕ್ಕೆ ಚಾಚಿದ ಸಣ್ಣ ಗೆರೆ ಸೊನ್ನೆಯ ಕೆಳಗಿನ ಅಡ್ಡಗೆರೆಗಿಂತ ಕೆಳಗಿರಬೇಕು, ಬಹಳ ಜನ ತಪ್ಪುವುದು ಅಲ್ಲೇ.

ಪರೀಕ್ಷಿಸಿಕೊಳ್ಳಲು ಮೊಬೈಲಿನ ಕೀಬೋರ್ಡಿನಲ್ಲಿ ಕೊರಿಯನ್ ಸೇರಿಸಿ, ಧ್ವನಿಯಿಂದ ಬರೆಯುವ ಗುಂಡಿ ಒತ್ತಿ ತಾರೀಖು ಹೇಳಿ. ಪೂರ್ತಿ ತಾರೀಖನ್ನೇ ಹೇಳಿ, ಬಿಡಿ ತಿಂಗಳನ್ನು ಯಂತ್ರ ತಪ್ಪಾಗಿ ಊಹಿಸಬಹುದು. 1 ಹೇಳಿದ್ದಕ್ಕೆ 2 ಬಂದರೆ ರ್ ತಟ್ಟಿಲ್ಲ, 3ಕ್ಕೆ 4 ಬಂದರೆ ತುಟಿ ಮುಚ್ಚಿಲ್ಲ. ಶುರುವಿಗೆ ಪರಿಚಯದ ತಾರೀಖುಗಳು: ಗಣರಾಜ್ಯೋತ್ಸವಕ್ಕೆ ‘ಇರ್ವೊಲ್ ಇಶಿಮ್ನ್ಯುಗಿಲ್’, ಇದರಲ್ಲಿ 26ರ ಶಿಪ್ ಮತ್ತು ಯುಕ್ ಕೂಡಿ ಶಿಮ್ನ್ಯುಕ್ ಆಗಿದೆ. ಆಗಸ್ಟ್ 15ಕ್ಕೆ ‘ಫಾರ್ವೊಲ್ ಶಿಬೊಇಲ್’, 1945ರಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ಕೊರಿಯಾಕ್ಕೂ ಅದೇ ದಿನ ರಜೆ. ಗಾಂಧಿ ಜಯಂತಿಗೆ ‘ಶಿವೊಲ್ ಇಇಲ್’, ದಕ್ಷಿಣ ಕೊರಿಯಾದ ಲಿಪಿ ದಿನಾಚರಣೆಗೆ ‘ಶಿವೊಲ್ ಕುಇಲ್’. ಕೊನೆಗೆ ಕನ್ನಡ ರಾಜ್ಯೋತ್ಸವ: ‘ಶಿಬಿರ್ವೊಲ್ ಇರಿಲ್’. ಒಂದೇ ಉಸಿರಿನಲ್ಲಿ ಎರಡು ಕಡೆ ತಟ್ಟು ಇದೆ, ಪರದೆಯ ಮೇಲೆ 11 ಮತ್ತು 1 ಎರಡೂ ಸರಿಯಾಗಿ ಮೂಡುವವರೆಗೆ ಬಿಡಬೇಡಿ.